ಅಜ್ಜ ಮ್ಯಾಲೆ ನೋಡಿದ

1/9

ಫೋನ್ ಕೈಯಲ್ಲೇ ಐತಿ ಅಲ್ಲ? ಹಂಗಾದ್ರ ಓದೋಕಿಂತ ಮೊದಲು ಒಂದು ಆಟ ಆಡೋಣ.

ಕನ್ನಡಿ ಮುಂದೆ ಹೋಗಿ ನಿಲ್ಲಿ. ಕನ್ನಡಿಯೊಳಗಿನ ನಿಮ್ಮ ಎಡಗಣ್ಣು ನೋಡಿ, ಆಮೇಲೆ ಬಲಗಣ್ಣು ನೋಡಿ. ಮತ್ತೆ ಎಡ, ಮತ್ತೆ ಬಲ. ನಿಮ್ಮ ಕಣ್ಣು ಹೊರಳಿದ್ದು ನಿಮಗೆ ಕಂಡಿತಾ? ಕಾಣೂದಿಲ್ಲ. ಪಕ್ಕದಲ್ಲಿ ತಂಗಿ ನಿಂತಿದ್ದರೆ ಕೇಳಿ ನೋಡಿ, ಅವಳಿಗೆ ಚಂದಾಗಿ ಕಂಡಿರುತ್ತದೆ. ಕಣ್ಣು ಒಂದು ಕಡೆಯಿಂದ ಇನ್ನೊಂದು ಕಡೆಗೆ ಜಿಗಿಯುವ ಆ ಚೂರು ಹೊತ್ತು ಮಿದುಳು ನೋಟವನ್ನು ತಡೆದು ಹಿಡಿಯುತ್ತದೆ. ಇಲ್ಲದಿದ್ದರೆ ದಿನಕ್ಕೆ ಸಾವಿರಾರು ಸಲ ಜಗತ್ತು ಅಲುಗಾಡಿದಂಗ ಆಗಿ ನಮಗೆ ತಲೆ ತಿರುಗ್ತಿತ್ತು.

ಈಗ ಸೆಲ್ಫಿ ಕ್ಯಾಮೆರಾ ತೆಗೆದು ಅದೇ ಆಟ ಆಡಿ. ಈ ಸಲ ನಿಮ್ಮ ಕಣ್ಣು ಹೊರಳೋದು ನಿಮಗೇ ಕಾಣಬಹುದು. ಯಾಕಂದ್ರ ಫೋನು ಚಿತ್ರ ತೋರಿಸೋದು ಒಂದು ಚೂರು ತಡವಾಗಿ. ಕಣ್ಣು ಹೋಗಿ ಮುಟ್ಟಿದ ಮ್ಯಾಲೆ ಅದು ಹೊರಟಿದ್ದನ್ನ ತೋರಿಸ್ತೈತಿ.

ಅಂದ್ರ ನಮ್ಮ ಕಣ್ಣು ಏನು ಮಾಡ್ತೈತಿ ಅನ್ನೋದು ನಮಗಿಂತ ಎದುರಿಗೆ ಕೂತವರಿಗೆ ಹೆಚ್ಚು ಗೊತ್ತು. ಅವರು ನೋಡಿದರೆ ಮಾತ್ರ.

ಈ ಸಲದ ಸರಣಿ ಇದರ ಬಗ್ಗೆ. ಕ್ಯಾಮೆರಾ ಒಂದರಿಂದ, ದೂರ ಕೂತು, ಒಬ್ಬ ಮನುಷ್ಯ ಎಲ್ಲಿ ನೋಡ್ತಿದ್ದಾನೆ ಅಂತ ಹಿಡಿಯೋದು ಹೆಂಗ? ಹೋದ ಸೆಮಿಸ್ಟರ್ ರಜೆಯಲ್ಲಿ ನಾನು ಯಾಕೆ ಯಾವ ಟ್ರಿಪ್ಪಿಗೂ ಬರಲಿಲ್ಲ ಅಂತ ಕೇಳಿದವರಿಗೆಲ್ಲ ಇದೇ ಉತ್ತರ. ನಾನು ನಮ್ಮೂರಲ್ಲಿ, ಅಜ್ಜನ ಮಂಚದ ಮುಂದೆ, ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದೆ.

2/9

ನಮ್ಮೂರು ಬೆಲ್ಲದ ಬಾಗೇವಾಡಿ. ಬಸವನ ಬಾಗೇವಾಡಿ ಅಲ್ಲ, ಹಿರೇಬಾಗೇವಾಡಿನೂ ಅಲ್ಲ (ಹಾಸ್ಟೆಲ್ಲಿನ ದೋಸ್ತರೆ, ಇದು ಕೊನೇ ಸಲ ಹೇಳೋದು). ಹುಕ್ಕೇರಿ ತಾಲೂಕು, ಬೆಳಗಾವಿ ಜಿಲ್ಲೆ. ಹೆಸರಲ್ಲೇ ಬೆಲ್ಲ, ಸುತ್ತ ಕಬ್ಬು. ಸೀಸನ್ನಿನಲ್ಲಿ ಸಕ್ಕರೆ ಕಾರ್ಖಾನೆ ಕಡೆಗೆ ಹೋಗುವ ಟ್ರ್ಯಾಕ್ಟರ್ ಸಾಲು ಮುಗಿಯೂದೇ ಇಲ್ಲ.

ಅಜ್ಜ ಹರೇದಾಗ ಬೆಲ್ಲದ ಗಾಣದಲ್ಲಿ ಕೆಲಸ ಮಾಡಿದವ. ಕೊಪ್ಪರಿಗೆಯಲ್ಲಿ ಪಾಕ ಕುದಿಯುವಾಗ ಬರೀ ಕಣ್ಣಿಂದ ನೋಡಿ, ಈಗ ಇಳಸ್ರಿ ಅಂತ ಹೇಳ್ತಿದ್ದ ಅಂತ ಊರವರು ಇವತ್ತಿಗೂ ಹೇಳ್ತಾರ.

ಹೋದ ವರ್ಷ ಕಾರ್ತಿಕದಲ್ಲಿ ಅವನಿಗೆ ಸ್ಟ್ರೋಕ್ ಆಯ್ತು. ಮಿದುಳಿನ ಕಾಂಡದಲ್ಲಿ. ಕೈ ಇಲ್ಲ, ಕಾಲಿಲ್ಲ, ಮಾತಿಲ್ಲ. ಮೂಗಿನಲ್ಲಿ ನಳಿಕೆ. ಒಂದು ತಿಂಗಳ ಮೇಲೆ ಮನೆಗೆ ಕರೆತಂದರು. ನೋಡಲು ಬಂದವರೆಲ್ಲ ಮಂಚದ ಹತ್ತಿರ ನಿಂತು, ಅಜ್ಜ ಅಲ್ಲಿ ಇಲ್ಲವೇ ಇಲ್ಲ ಅನ್ನೋ ಹಂಗ ಮಾತಾಡ್ತಿದ್ದರು. "ಏನೂ ತಿಳಿಯೂದಿಲ್ಲ ಪಾಪ." "ದೇವರು ಲಗೂನ ಕರ್ಕೊಂಡ್ರ ಚಲೋ." ಅವನ ಕಿವಿ ಮುಂದೇನೇ.

ರಜೆಗೆ ಬಂದ ಎರಡನೇ ದಿನ ಮಧ್ಯಾಹ್ನ ಕರೆಂಟ್ ಹೋಯ್ತು. ನಮಗೇನು ಅದು ಹೊಸದಲ್ಲ. ಫ್ಯಾನ್ ನಿಂತಿತು. ನಾನು ಸುಮ್ಮನೆ ಅಜ್ಜನ ಮುಖ ನೋಡ್ತಾ ಕೂತಿದ್ದೆ. ಅವನ ಕಣ್ಣು ಮೆಲ್ಲಕ ಮ್ಯಾಲೆ ಹೋಯ್ತು. ಫ್ಯಾನ್ ಕಡೆ. ಸ್ವಲ್ಪ ಹೊತ್ತು ಅಲ್ಲೇ ನಿಂತು ಕೆಳಗೆ ಬಂತು. ಅರ್ಧ ಗಂಟೆ ಬಿಟ್ಟು ಕರೆಂಟ್ ಬಂತು. ಮತ್ತೆ ಕಣ್ಣು ಮ್ಯಾಲೆ.

ಏನೂ ತಿಳಿಯದವನು ಫ್ಯಾನ್ ನಿಂತದ್ದನ್ನೂ ತಿರುಗಿದ್ದನ್ನೂ ಯಾಕೆ ನೋಡ್ತಾನೆ?

ಕಾಕಾಗ ಹೇಳಿದೆ. "ಸುಮ್ಮ ಹೊರಳಿರಬೇಕ ಬಿಡ" ಅಂದ. ಅವತ್ತು ರಾತ್ರಿನೇ ಕೋಡ್ ಬರೆಯೋಕೆ ಕೂತೆ.

3/9

ಮೊದಲು ಈ ವಿದ್ಯೆ ಎಲ್ಲಿಂದ ಬಂತು ಅಂತ ಲಗೂನ ಹೇಳಿಬಿಡ್ತೀನಿ.

ನಾವು ಓದುವಾಗ ಕಣ್ಣು ಸಾಲಿನ ಮೇಲೆ ನೀರಿನಂಗ ಹರಿಯೂದಿಲ್ಲ, ಕಪ್ಪೆ ಹಂಗ ಜಿಗೀತೈತಿ. ಒಂದು ಕಡೆ ನಿಲ್ಲುತ್ತದೆ, ಸುಮಾರು ಕಾಲು ಸೆಕೆಂಡು. ಮತ್ತೆ ಜಿಗಿತ. ಹತ್ತೊಂಬತ್ತನೇ ಶತಮಾನದ ಕೊನೆಗೆ ಪ್ಯಾರಿಸ್ಸಿನ ಕಣ್ಣಿನ ವೈದ್ಯ ಎಮಿಲ್ ಜಾವಾಲ್ ಮತ್ತು ಅವರ ಜೊತೆಗಾರರ ಕಾಲದಿಂದ ಇದನ್ನು ಅಳೆಯುವ ಹುಚ್ಚು ಶುರುವಾಯಿತು. ಆಗಿನ ದಾರಿ ಕೇಳಿದರೆ ಮೈ ಜುಂ ಅಂತೈತಿ. ಅಮೆರಿಕದ ಎಡ್ಮಂಡ್ ಹ್ಯೂಯಿ ಅನ್ನುವವರು ಕಣ್ಣಿನ ಗುಡ್ಡೆಯ ಮೇಲೆ ಪ್ಲಾಸ್ಟರಿನ ಪುಟ್ಟ ಬಟ್ಟಲು ಕೂರಿಸಿ, ಅದಕ್ಕೆ ಅಲ್ಯೂಮಿನಿಯಂ ಕಡ್ಡಿ ಜೋಡಿಸಿ, ಕಣ್ಣು ಹೊರಳಿದಂಗ ಕಡ್ಡಿ ಗೆರೆ ಎಳೆಯುವಂತೆ ಮಾಡಿದ್ದರು. ರಷ್ಯಾದ ಆಲ್ಫ್ರೆಡ್ ಯಾರ್ಬಸ್ ಕಣ್ಣಿಗೆ ಕನ್ನಡಿ ಇರುವ ಸಣ್ಣ ಮುಚ್ಚಳ ಅಂಟಿಸಿ, ಒಂದೇ ಚಿತ್ರವನ್ನು ಬೇರೆ ಬೇರೆ ಪ್ರಶ್ನೆ ಕೇಳಿ ತೋರಿಸಿದರೆ ಕಣ್ಣು ಬೇರೆ ಬೇರೆ ದಾರಿ ಹಿಡಿಯುತ್ತದೆ ಅಂತ ತೋರಿಸಿದರು. ಅವರ ಪುಸ್ತಕ ಇಂಗ್ಲಿಷಿಗೆ ಬಂದದ್ದು 1967ರಲ್ಲಿ.

ಕಣ್ಣು ಮುಟ್ಟದೇ, ದೂರದಿಂದ ಅಳೆಯುವ ಉಪಾಯ ಆಮೇಲಿಂದು. ಹೊಳೆಯುವ ಸ್ಟೀಲ್ ಚಂಬು ತಗೊಂಡು ಬಲ್ಬಿನ ಕೆಳಗೆ ಹಿಡಿಯಿರಿ. ಚಂಬಿನ ಮೇಲೆ ಬಲ್ಬಿನ ಒಂದು ಚುಕ್ಕಿ ಹೊಳಪು ಕಾಣುತ್ತದೆ. ಚಂಬನ್ನು ಇದ್ದಲ್ಲೇ ತಿರುಗಿಸಿ. ಚಂಬಿನ ಮೇಲಿನ ಹೆಸರು ಸರಿಯುತ್ತದೆ, ಹೊಳಪು ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಕಣ್ಣೂ ಹಂಗೇ. ಕಣ್ಣಿನ ಮುಂದಿನ ಪಾರದರ್ಶಕ ಪೊರೆ ದುಂಡಗೆ, ಹೊಳಪಾಗಿ ಇದೆ. ನಮಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬಿಟ್ಟರೆ ಅದರ ಮೇಲೆ ಒಂದು ಚುಕ್ಕಿ ಮೂಡುತ್ತದೆ. ಕಣ್ಣು ಹೊರಳಿದಾಗ ನಡುವಿನ ಕಪ್ಪು ಪಾಪೆ ಸರಿಯುತ್ತದೆ, ಚುಕ್ಕಿ ಅಷ್ಟು ಸರಿಯೂದಿಲ್ಲ. ಎರಡರ ನಡುವಿನ ಅಂತರ ನೋಡಿದರೆ ಕಣ್ಣು ಎತ್ತ ಹೋಯಿತು ಅಂತ ಲೆಕ್ಕ ಹಾಕಬಹುದು.

2001ರಲ್ಲಿ ಶುರುವಾದ ಸ್ವೀಡನ್ನಿನ ಟೋಬಿ ಕಂಪನಿಯ ಯಂತ್ರಗಳು ಈ ತತ್ವದ ಮೇಲೇ ನಡೆಯುತ್ತವೆ. ಇಂಥ ಒಳ್ಳೆ ಯಂತ್ರ ಸುಮಾರು ಅರ್ಧ ಡಿಗ್ರಿಯಷ್ಟು ನಿಖರ. 60 ಸೆಂಟಿಮೀಟರ್ ದೂರದಲ್ಲಿ ಅರ್ಧ ಡಿಗ್ರಿ ಅಂದ್ರ ಪರದೆ ಮೇಲೆ ಅರ್ಧ ಸೆಂಟಿಮೀಟರ್.

ನನ್ನ ಹತ್ತಿರ ಇದ್ದದ್ದು ಹಳೇ ಲ್ಯಾಪ್‌ಟಾಪಿನ ವೆಬ್‌ಕ್ಯಾಮ್ ಒಂದೇ.

4/9

ವೆಬ್‌ಕ್ಯಾಮ್ ಸಾಕಾಗ್ತೈತಾ? ನೀವೇ ಲೆಕ್ಕ ಹಾಕಿ. ಇದು ಹತ್ತನೇ ತರಗತಿ ಗಣಿತ ಅಷ್ಟೇ.

ಕಣ್ಣಿನ ಗುಡ್ಡೆ ಸುಮಾರು 24 ಮಿಲಿಮೀಟರ್ ಅಗಲದ ಗೋಲಿ. ತ್ರಿಜ್ಯ 12. ನೀವು ಪರದೆಯಿಂದ 60 ಸೆಂಟಿಮೀಟರ್ ದೂರ ಕೂತು, ಒಂದು ಸೆಂಟಿಮೀಟರ್ ಆ ಕಡೆ ನೋಡಿದರೆ ಕಣ್ಣು ಸುಮಾರು ಒಂದು ಡಿಗ್ರಿ ತಿರುಗುತ್ತದೆ. ಆಗ ಕಪ್ಪು ಭಾಗ ಸರಿಯೋದು 0.2 ಮಿಲಿಮೀಟರ್. ಉಗುರಿನ ದಪ್ಪಕ್ಕಿಂತ ಕಡಿಮೆ.

ಈಗ ಕ್ಯಾಮೆರಾ ಕಡೆ ಬರ್ರಿ. ಅಷ್ಟು ದೂರದಲ್ಲಿ ನನ್ನ ವೆಬ್‌ಕ್ಯಾಮಿಗೆ ಸುಮಾರು 70 ಸೆಂಟಿಮೀಟರ್ ಅಗಲದ ಜಾಗ ಕಾಣುತ್ತದೆ, ಅದನ್ನ 1280 ಪಿಕ್ಸೆಲ್ಲಿಗೆ ಹಂಚುತ್ತದೆ. ಒಂದು ಮಿಲಿಮೀಟರಿಗೆ ಎರಡು ಪಿಕ್ಸೆಲ್ಲೂ ಬರಲಿಲ್ಲ. ಕಣ್ಣಿನ ಬಣ್ಣದ ಬಿಲ್ಲೆ, ಅಂದ್ರ ಐರಿಸ್, 20 ಪಿಕ್ಸೆಲ್ ಆಸುಪಾಸು. ಅದು 0.2 ಮಿಲಿಮೀಟರ್ ಸರಿದರೆ ಚಿತ್ರದಲ್ಲಿ ಅರ್ಧ ಪಿಕ್ಸೆಲ್ಲಿಗಿಂತ ಕಡಿಮೆ ಸರಿಯುತ್ತದೆ. ಲ್ಯಾಪ್‌ಟಾಪ್ ಪರದೆಯ ತುದಿಯಿಂದ ಬುಡದವರೆಗೆ ಕಣ್ಣು ಇಳಿಸಿದರೂ ಐದಾರು ಪಿಕ್ಸೆಲ್. ಅಷ್ಟರೊಳಗೇ ಇಡೀ ಜಗಳ.

ಅದರ ಮೇಲೆ ತಲೆ ಬೇರೆ ಅಲ್ಲಾಡ್ತೈತಿ. ನಾನು ಎಡಕ್ಕೆ ನೋಡಿದೆನೋ, ಇಲ್ಲಾ ತಲೇನೇ ಎಡಕ್ಕೆ ತಿರುಗಿತೋ? 1824ರಲ್ಲೇ ಇಂಗ್ಲೆಂಡಿನ ವೊಲ್ಲಾಸ್ಟನ್ ಒಂದು ಮಜಾ ತೋರಿಸಿದ್ದರು. ಬರೆದ ಚಿತ್ರದಲ್ಲಿ ಕಣ್ಣು ಹಂಗೇ ಬಿಟ್ಟು ಮೂಗು ಮುಖ ಮಾತ್ರ ಬೇರೆ ಕಡೆ ತಿರುಗಿಸಿದರೆ, ಅದೇ ಕಣ್ಣು ಬೇರೆ ಕಡೆ ನೋಡಿದಂಗ ಕಾಣ್ತೈತಿ. ಅಂದ್ರ ನಾವು ಮನುಷ್ಯರು ಕೂಡ ಬರೀ ಕಣ್ಣು ನೋಡೂದಿಲ್ಲ, ಇಡೀ ಮುಖ ನೋಡಿ ಅಂದಾಜು ಮಾಡ್ತೀವಿ.

ಯಂತ್ರವೂ ಹಂಗೇ ಮಾಡಬೇಕು. ನಾನು ಬಳಸಿದ್ದು ಗೂಗಲ್‌ನ ಮೀಡಿಯಾಪೈಪ್. ಉಚಿತ. ಮುಖದ ಮೇಲೆ 468 ಚುಕ್ಕಿ ಹುಡುಕುತ್ತದೆ, ಐರಿಸ್‌ಗಳಿಗೆ ಇನ್ನೂ 10. ಒಟ್ಟು 478. ಸಾಧಾರಣ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ.

5/9

ಚುಕ್ಕಿ ಸಿಕ್ಕರೆ ನೋಟ ಸಿಕ್ಕಂಗಲ್ಲ. ನಮ್ಮ ಕಣ್ಣಿನಲ್ಲಿ ಚೊಕ್ಕವಾಗಿ ಕಾಣುವ ಜಾಗ ಭಾಳ ಸಣ್ಣದು, ಅದು ಕಣ್ಣಿನ ನಟ್ಟನಡುವೆಯೂ ಇಲ್ಲ, ಚೂರು ಪಕ್ಕಕ್ಕೆ ಇದೆ. ಹಂಗಾಗಿ ಕಣ್ಣು ಹೊರಗಿನಿಂದ ಎತ್ತ ತೋರಿಸುತ್ತದೋ, ಮನುಷ್ಯ ನೋಡುವುದು ಅಲ್ಲಿಂದ ಕೆಲವು ಡಿಗ್ರಿ ಆಚೆ. ಎಷ್ಟು ಆಚೆ ಅನ್ನೋದು ಒಬ್ಬೊಬ್ಬರಿಗೆ ಒಂದೊಂದು. ಅದಕ್ಕೇ ಈ ಯಂತ್ರಗಳು ಮೊದಲು ಪರದೆ ಮೇಲೆ ಒಂಬತ್ತು ಚುಕ್ಕಿ ತೋರಿಸಿ, ಇದನ್ನ ನೋಡು, ಈಗ ಇದನ್ನ ನೋಡು ಅಂತವೆ. ಇದಕ್ಕೆ ಕ್ಯಾಲಿಬ್ರೇಷನ್ ಅಂತಾರೆ. ನಿಮ್ಮ ಕಣ್ಣಿನ ಪರಿಚಯ ಮಾಡಿಕೊಳ್ಳೋದು ಅಂತ ತಿಳ್ಕೊಳ್ರಿ.

ಇನ್ನೊಂದು ದಾರಿ, ಸಾವಿರಾರು ಜನರ ಮುಖ ತೋರಿಸಿ ಯಂತ್ರಕ್ಕೆ ಕಲಿಸೋದು. ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು 2015ರಲ್ಲಿ 15 ಜನರ ಲ್ಯಾಪ್‌ಟಾಪ್‌ಗಳಿಂದ, ಅವರು ತಮ್ಮ ಪಾಡಿಗೆ ದಿನನಿತ್ಯದ ಕೆಲಸ ಮಾಡುವಾಗಿನ, ಎರಡು ಲಕ್ಷಕ್ಕೂ ಹೆಚ್ಚು ಚಿತ್ರ ಕೂಡಿಸಿದರು. 2016ರಲ್ಲಿ ಅಮೆರಿಕದ ಸಂಶೋಧಕರ ತಂಡ ಫೋನ್ ಆ್ಯಪ್ ಮೂಲಕ 1450ಕ್ಕೂ ಹೆಚ್ಚು ಜನರಿಂದ ಸುಮಾರು 25 ಲಕ್ಷ ಚಿತ್ರ ಕೂಡಿಸಿತು. ಅವರ ಪದ್ಧತಿ ಫೋನಿನ ಮೇಲೆ ಯಾವ ಪರಿಚಯವೂ ಇಲ್ಲದೇ ಸರಾಸರಿ 1.71 ಸೆಂಟಿಮೀಟರ್ ತಪ್ಪಿತು, ಪರಿಚಯ ಮಾಡಿಕೊಂಡ ಮೇಲೆ 1.34. 2024ರಲ್ಲಿ ಆ್ಯಪಲ್ ತನ್ನ ಐಫೋನಿಗೇ ಕಣ್ಣಿಂದ ನಡೆಸುವ ಸೌಲಭ್ಯ ಕೊಟ್ಟಿತು, ಬೇರೆ ಯಂತ್ರ ಬೇಡ, ಸೆಲ್ಫಿ ಕ್ಯಾಮೆರಾನೇ ಸಾಕು.

ನಾನು ಇಷ್ಟೆಲ್ಲ ಓದಿಕೊಂಡು, ಮೂರು ರಾತ್ರಿ ನಿದ್ದೆಗೆಟ್ಟು, ಒಂದು ಪ್ರೋಗ್ರಾಂ ಮಾಡಿದೆ. ಪರದೆಯ ಎಡಕ್ಕೆ ದೊಡ್ಡ ಹಸಿರು ಚೌಕ, ಹೌದು. ಬಲಕ್ಕೆ ದೊಡ್ಡ ಕೆಂಪು ಚೌಕ, ಇಲ್ಲ. ನನ್ನ ಮೇಲೆ ನಡೆಯಿತು. ತಂಗಿ ಮೇಲೆ ನಡೆಯಿತು. ಕಾಕಾನ ಮೇಲೂ ನಡೆಯಿತು. "ಭಾರಿ ಐತಲೇ ಇದು" ಅಂದ.

ಅಜ್ಜನ ಮುಂದೆ ಇಟ್ಟೆ.

ನಡೆಯಲಿಲ್ಲ.

6/9

ಬೆಳಕು ಸರಿ ಇಲ್ಲ ಅಂದುಕೊಂಡೆ. ಮಂಚದ ಹಿಂದೆ ಕಿಟಕಿ ಇತ್ತು, ಮುಖ ಕತ್ತಲಾಗಿ ಕಾಣ್ತಿತ್ತು. ಮಂಚಾನೇ ತಿರುಗಿಸಿದೆವು. ನಡೆಯಲಿಲ್ಲ. ರೆಪ್ಪೆ ಜೋತು ಬಿದ್ದದ್ದಕ್ಕೆ ಇರಬೇಕು ಅಂದೆ. ಸ್ಟೂಲ್ ಮೇಲೆ ಸ್ಟೂಲ್ ಇಟ್ಟು ಲ್ಯಾಪ್‌ಟಾಪ್ ಎತ್ತರ ಬದಲಿಸಿದೆ. ನಡೆಯಲಿಲ್ಲ. "ಅಜ್ಜಾ, ಹಸಿರು ನೋಡ. ಹಸಿರು. ಇತ್ತಾಗ, ಎಡಕ್ಕ." ಕಣ್ಣು ಹಂಗೇ ನೆಟ್ಟಗೆ. ಐದು ದಿನ ಹಿಂಗೇ.

ಆರನೇ ದಿನ ಕಾಕಾ ನನ್ನ ಹೆಗಲ ಮೇಲೆ ಕೈ ಇಟ್ಟು, "ಸಾಕ್ ಬಿಡ ತಮ್ಮಾ. ಅವರು ಒಳಗ ಇಲ್ಲ" ಅಂದ.

ಇದನ್ನ ಬರೆಯೋಕೆ ನನಗೆ ನಾಚಿಕೆ ಆಗ್ತದ, ಆದರೂ ಬರೀತೀನಿ. ನಾನು ಅವನ ಮಾತು ನಂಬಿದೆ. ಫ್ಯಾನ್ ನೋಡಿದ್ದನ್ನ ನನ್ನ ಕಣ್ಣಾರೆ ಕಂಡಿದ್ದೆ, ಆದರೂ ನಂಬಿದೆ. ಯಂತ್ರ ಏನೂ ತೋರಿಸಲಿಲ್ಲ ಅಂದ್ರ ಅಲ್ಲಿ ಏನೂ ಇಲ್ಲ ಅಂತ ತಿಳಿದೆ.

ಮರುದಿನ ಫಿಸಿಯೋಥೆರಪಿ ಮಾಡೋ ಅಕ್ಕ ಬಂದರು. ವಾರಕ್ಕೊಮ್ಮೆ ಬರ್ತಾರ. ನನ್ನ ಲ್ಯಾಪ್‌ಟಾಪ್ ನೋಡಿ ಕೇಳಿದರು, ಹೇಳಿದೆ. ಅವರು ಒಂದೇ ಮಾತು ಕೇಳಿದರು: "ಮ್ಯಾಲೆ ಕೆಳಗ ಕೇಳಿ ನೋಡೀಯೇನು?"

ಮಿದುಳಿನ ಕಾಂಡದಲ್ಲಿ ಸೇತುವೆ ಅನ್ನೋ ಅರ್ಥದ ಹೆಸರಿನ ಒಂದು ಭಾಗ ಐತಿ, ಪಾನ್ಸ್. ಕಣ್ಣನ್ನು ಅಡ್ಡಡ್ಡ ಹೊರಳಿಸುವ ನರಗಳ ಅಪ್ಪಣೆ ಹೊರಡೋದು ಅಲ್ಲಿಂದ. ಮ್ಯಾಲೆ ಕೆಳಗೆ ಹೊರಳಿಸುವ ಅಪ್ಪಣೆ ಹೊರಡೋದು ಅದಕ್ಕಿಂತ ಮೇಲಿನ ಭಾಗದಿಂದ. ಪಾನ್ಸ್‌ಗೆ ಪೆಟ್ಟು ಬಿದ್ದರೆ ಮೈಯೆಲ್ಲ ನಿಂತು, ಕಣ್ಣು ಎಡಕ್ಕೂ ಹೋಗದೆ ಬಲಕ್ಕೂ ಹೋಗದೆ, ಮ್ಯಾಲೆ ಕೆಳಗೆ ಮಾತ್ರ ಹೋಗುವ ಸ್ಥಿತಿ ಬರಬಹುದು. ಬುದ್ಧಿ ಪೂರ್ತಿ ಇರುತ್ತದೆ. ಇದಕ್ಕೆ ಇಂಗ್ಲಿಷಿನಲ್ಲಿ ಲಾಕ್ಡ್ ಇನ್ ಅಂತಾರ. ಒಳಗೆ ಕೂಡಿ ಹಾಕಿ ಕೀಲಿ ಹಾಕಿದಂಗ.

ಅಕ್ಕ ಬಗ್ಗಿ, "ಅಜ್ಜಾರ, ನನ್ನ ಮಾತ ತಿಳೀತಿದ್ರ ಮ್ಯಾಲೆ ನೋಡ್ರಿ" ಅಂದರು.

ಅಜ್ಜ ಮ್ಯಾಲೆ ನೋಡಿದ.

ಆರು ದಿನ ನಾನು ಅವನಿಗೆ ಆಗದ ಕೆಲಸಾನೇ ಕೇಳ್ತಾ ಕೂತಿದ್ದೆ. ಆಗೋ ಕೆಲಸ ಯಾವುದು ಅಂತ ಕೇಳಲೇ ಇಲ್ಲ. ಆಯಿ ಅಡಿಗೆ ಮನೆಯಿಂದ ಓಡಿ ಬಂದಳು. ಕಾಕಾ ಹೊರಗೆ ಹೋಗಿ ಕಟ್ಟೆ ಮೇಲೆ ಕೂತ.

7/9

ಹಳೇದು ಅಳಿಸಿ ಹೊಸದು ಬರೆದೆ. ಈಗ ಎಲ್ಲಿ ನೋಡ್ತಾನೆ ಅನ್ನೋದು ಬೇಡ. ಮ್ಯಾಲೆ, ನೆಟ್ಟಗೆ, ಕೆಳಗೆ. ಮೂರೇ.

ವೆಬ್‌ಕ್ಯಾಮಿಗೆ ಮ್ಯಾಲೆ ಕೆಳಗೆ ಹಿಡಿಯೋದು ಅಡ್ಡಡ್ಡಕ್ಕಿಂತ ಕಷ್ಟ, ಯಾಕಂದ್ರ ರೆಪ್ಪೆ ಐರಿಸ್ ಮುಚ್ಚುತ್ತದೆ. ಆದರೆ ಆ ರೆಪ್ಪೆಯಿಂದಲೇ ಉಪಕಾರನೂ ಐತಿ. ಕೆಳಗೆ ನೋಡಿದರೆ ರೆಪ್ಪೆನೂ ಜೊತೆಗೆ ಇಳೀತೈತಿ, ಮ್ಯಾಲೆ ನೋಡಿದರೆ ಏಳ್ತೈತಿ. ಕಣ್ಣಿನ ಎರಡು ಮೂಲೆ ಜೋಡಿಸಿ ಒಂದು ಗೆರೆ ಎಳೆದೆ, ಮೂಲೆಗಳು ಅಲ್ಲಾಡೂದಿಲ್ಲ. ಆ ಗೆರೆಯಿಂದ ಐರಿಸ್ ನಡುಭಾಗ ಎಷ್ಟು ಮೇಲಿದೆ, ರೆಪ್ಪೆ ಎಷ್ಟು ತೆರೆದಿದೆ, ಈ ಎರಡು ಅಂಕಿ ಸಾಕು. ಅಜ್ಜನಿಗೆ ಹತ್ತು ಸೆಕೆಂಡು ಫ್ಯಾನ್ ನೋಡು, ಹತ್ತು ಸೆಕೆಂಡು ನನ್ನ ನೋಡು, ಹತ್ತು ಸೆಕೆಂಡು ಚಾದರ ನೋಡು ಅಂದೆ. ಅದೇ ಅವನ ಕ್ಯಾಲಿಬ್ರೇಷನ್.

ಇನ್ನೊಂದು ತೊಡಕು. ಕಣ್ಣು ಇರೋದು ನೋಡೋಕೆ, ಬಟನ್ ಒತ್ತೋಕೆ ಅಲ್ಲ. ಸುಮ್ಮನೆ ಹಲ್ಲಿ ನೋಡೋಕೆ ಮ್ಯಾಲೆ ನೋಡಿದರೂ ಯಂತ್ರ ಹೌದು ಅಂತ ಬರೆದುಕೊಂಡರೆ? ಮುಟ್ಟಿದ್ದೆಲ್ಲ ಬಂಗಾರ ಆಗುವ ರಾಜನ ಕಥೆ ಗೊತ್ತಲ್ಲ, ಅವನ ಹೆಸರನ್ನೇ ಈ ತೊಡಕಿಗೆ ಇಟ್ಟಿದ್ದಾರೆ, ಮಿಡಾಸ್ ಸಮಸ್ಯೆ. ಪರಿಹಾರ: ಪ್ರಶ್ನೆ ಕೇಳಿದ ಮೇಲೆ ಮಾತ್ರ ಎಣಿಸೋದು, ಒಂದು ಸೆಕೆಂಡಿಗಿಂತ ಹೆಚ್ಚು ಹೊತ್ತು ನಿಂತರೆ ಮಾತ್ರ ಬೀಪ್ ಅನ್ನೋದು.

ಉತ್ತರ ಗೊತ್ತಿರುವ ಹತ್ತು ಪ್ರಶ್ನೆ ಮೊದಲು ಕೇಳಿದೆ. ಮ್ಯಾಲೆ ಹೌದು, ಕೆಳಗೆ ಇಲ್ಲ. ನಮ್ಮೂರು ಗೋಕಾಕ ಏನು? ಇಲ್ಲ. ನಮ್ಮ ಹೊಲದಾಗ ಕಬ್ಬು ಐತೇನು? ಹೌದು. ಒಂಬತ್ತು ಸರಿ ಬಂದವು. ಹತ್ತನೇದು, "ಅಜ್ಜಾ, ನಾ ಶಾಣ್ಯಾ ಅದೇನಿಲ್ಲೋ?"

ಕೆಳಗೆ ನೋಡಿದ.

ಮನೆಯವರೆಲ್ಲ ನಕ್ಕರು. ಎರಡು ತಿಂಗಳಲ್ಲಿ ಆ ಕೋಣೆಯಲ್ಲಿ ನಗು ಕೇಳಿದ್ದು ಅದೇ ಮೊದಲು. ಒಳಗೆ ಇಲ್ಲದವನಿಗೆ ಚೇಷ್ಟೆ ಮಾಡೋಕೆ ಬರ್ತೈತೇನ್ರಿ?

ಆಮೇಲೆ ಆಯಿ ಕೇಳಿದಳು, "ಎಲ್ಲೆರ ನೋಯ್ತೈತೇನ್ರಿ?" ಹೌದು. ಕಾಲೇನು? ಇಲ್ಲ. ಬೆನ್ನೇನು? ಇಲ್ಲ. ಹೆಗಲೇನು? ಹೌದು. ಎಡಗಡೀದು? ಹೌದು. ಅಂಗಿ ಸರಿಸಿ ನೋಡಿದರೆ, ನಾವು ದಿನಾ ಮಗ್ಗಲು ಬದಲಿಸುವಾಗ ಎಳೆಯುತ್ತಿದ್ದ ಹೆಗಲು. ಮನೆಗೆ ಬಂದಾಗಿನಿಂದ ದಿನಾ, ದಿನಕ್ಕೆ ಆರು ಸಲ, ನಾವೇ ನೋಯಿಸಿದ್ದೆವು. ಅವನು ಹೇಳುವಂತಿರಲಿಲ್ಲ.

8/9

ನಮ್ಮ ಮನೆ ಕಥೆ ಒಂದು ಕಡೆ ಇರಲಿ. ಇದನ್ನ ನಮಗಿಂತ ಎಷ್ಟೋ ಚೊಕ್ಕವಾಗಿ ಮಾಡಿದವರು ನಮ್ಮ ರಾಜ್ಯದಲ್ಲೇ ಇದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಪ್ರದೀಪ್ತ ಬಿಸ್ವಾಸ್ ಅವರ ಪ್ರಯೋಗಾಲಯ. ಮಾತೂ ಚಲನೆಯೂ ತೀರಾ ಕಷ್ಟವಾದ ಯುವಜನರಿಗಾಗಿ, ಚೆನ್ನೈನ ವಿದ್ಯಾಸಾಗರ್ ಸಂಸ್ಥೆಯ ಜೊತೆ ಸೇರಿ, ಕಣ್ಣಿನ ನೋಟದಿಂದ ನಡೆಯುವ ರೋಬೋ ಕೈ ಮಾಡಿದರು. ತಲೆಗೆ ಏನೂ ಕಟ್ಟಿಕೊಳ್ಳೋದು ಬೇಡ, ಕಂಪ್ಯೂಟರಿನ ವೆಬ್‌ಕ್ಯಾಮ್ ಸಾಕು. ಕೈಯಿಂದ ಆಗದ ಮಕ್ಕಳು ಪರದೆ ನೋಡಿ ರೋಬೋಗೆ ಎತ್ತು, ಇಡು ಅಂತ ಹೇಳಬಹುದು, ಬಟ್ಟೆ ಮೇಲೆ ಅಚ್ಚು ಒತ್ತುವಂಥ ಕೆಲಸ ಮಾಡಬಹುದು. ಅವರು ಗಮನಿಸಿದ ಒಂದು ಸಂಗತಿ ನನಗೆ ಭಾಳ ನಾಟಿತು: ಈ ಮಕ್ಕಳ ಕಣ್ಣು ನಮ್ಮ ಕಣ್ಣಿನಂಗ ಒಂದು ಕಡೆ ನಿಲ್ಲೂದಿಲ್ಲ, ಹಿಡಿತ ತಪ್ಪಿ ಜಿಗೀತೈತಿ. ಹಂಗಾಗಿ ನಮಗಾಗಿ ಮಾಡಿದ ಪರದೆಯನ್ನ ಅವರ ಮುಂದೆ ಇಟ್ಟರೆ ನಡೆಯೂದಿಲ್ಲ. ನನಗಾದ ಪಾಠನೂ ಅದೇ.

ಇದೇ ವಿದ್ಯೆಗೆ ಇನ್ನೊಂದು ಮುಖವೂ ಐತಿ, ಅದನ್ನ ಮುಚ್ಚಿಡೋದು ತಪ್ಪು. ಹೋದ ವರ್ಷ ಒಂದು ಆನ್‌ಲೈನ್ ಪರೀಕ್ಷೆ ಬರೀತಿದ್ದೆ. ಲೆಕ್ಕ ನೆನಪಿಸಿಕೊಳ್ಳೋಕೆ ಮ್ಯಾಲೆ ಜಂತಿ ನೋಡಿದೆ. ಪರದೆ ಮೇಲೆ ಕೆಂಪು ಅಕ್ಷರ: ನೀವು ಬೇರೆ ಕಡೆ ನೋಡುತ್ತಿದ್ದೀರಿ. ಮತ್ತೊಮ್ಮೆ ನೋಡಿದೆ, ಎರಡನೇ ಎಚ್ಚರಿಕೆ. ಮೂರನೇದಕ್ಕೆ ಪರೀಕ್ಷೆ ಬಂದ್ ಅಂತ ಗೊತ್ತಿತ್ತು. ಉಳಿದ ಒಂದು ಗಂಟೆ ಕುತ್ತಿಗೆಗೆ ಹಗ್ಗ ಕಟ್ಟಿದ ಎತ್ತಿನಂಗ ನೆಟ್ಟಗೆ ಕೂತಿದ್ದೆ. ನಿಮಗೂ ಆಗಿರಬೇಕು.

ಮ್ಯಾಲೆ ನೋಡೋದು ನನಗೆ ಯೋಚನೆ. ಆ ಸಾಫ್ಟ್‌ವೇರಿಗೆ ಕಳ್ಳತನ. ಅಜ್ಜನಿಗೆ ಹೌದು. ಮೂರಕ್ಕೂ ಕ್ಯಾಮೆರಾ ಅಳೆಯೋದು ಅದೇ ಐದಾರು ಪಿಕ್ಸೆಲ್. ಅರ್ಥ ಆ ಪಿಕ್ಸೆಲ್ಲಿನಲ್ಲಿ ಇಲ್ಲ, ಕೇಳೋರ ಕಡೆ ಐತಿ. ಹಂಗಾಗಿ ಯಾವುದೇ ಆ್ಯಪ್ ಕ್ಯಾಮೆರಾ ಅನುಮತಿ ಕೇಳಿದಾಗ ಒಂದು ನಿಮಿಷ ತಡೀರಿ. ನನ್ನ ಪ್ರೋಗ್ರಾಂ ಅಜ್ಜನ ವಿಡಿಯೋ ಉಳಿಸಿಕೊಳ್ಳೂದಿಲ್ಲ. ಎರಡು ಅಂಕಿ ತಗೊಂಡು ಚಿತ್ರ ಬಿಟ್ಟುಬಿಡ್ತೈತಿ.

9/9

ಹೌದು, ಇಲ್ಲ ಇಷ್ಟರಿಂದ ಎಲ್ಲಾ ಹೇಳೋಕಾಗಲ್ಲ. ಕೇಳೋರಿಗೆ ಹೊಳೆದ ಪ್ರಶ್ನೆಗಷ್ಟೇ ಉತ್ತರ ಸಿಗ್ತೈತಿ. ಅಕ್ಷರ ಬೇಕು.

ಫ್ರಾನ್ಸಿನಲ್ಲಿ ಜಾನ್ ಡೊಮಿನಿಕ್ ಬೋಬಿ ಅನ್ನೋ ಪತ್ರಿಕೆ ಸಂಪಾದಕರಿಗೆ 1995ರಲ್ಲಿ ಇದೇ ಸ್ಥಿತಿ ಬಂದಿತ್ತು. ಎದುರಿನವರು ಅಕ್ಷರ ಓದ್ತಾ ಹೋಗೋದು, ಬೇಕಾದ ಅಕ್ಷರ ಬಂದಾಗ ಅವರು ಎಡಗಣ್ಣು ಮಿಟುಕಿಸೋದು. ಹಿಂಗೇ ಒಂದು ಇಡೀ ಪುಸ್ತಕ ಹೇಳಿ ಬರೆಸಿದರು, 1997ರಲ್ಲಿ ಅಚ್ಚಾಯಿತು.

ಕನ್ನಡಕ್ಕೆ ಇದು ಇನ್ನೂ ಸಲೀಸು. ನಮ್ಮ ವರ್ಣಮಾಲೆ ಮೊದಲೇ ಸಾಲು ಸಾಲಾಗಿ ಐತಿ ನೋಡ್ರಿ. ಕ ಸಾಲು, ಚ ಸಾಲು, ಟ ಸಾಲು, ತ ಸಾಲು, ಪ ಸಾಲು. ಮೊದಲು ಸಾಲು ಕೇಳೋದು, ಅಜ್ಜ ಮ್ಯಾಲೆ ನೋಡಿದರೆ ಆ ಸಾಲಿನ ಒಂದೊಂದೇ ಅಕ್ಷರ ಕೇಳೋದು. ಕಾಗುಣಿತ ಬಿಟ್ಟೆವು, ಭಾಳ ಹೊತ್ತು ಹಿಡೀತೈತಿ ಅಂತ.

ಮೊದಲ ದಿನ ಎರಡು ಅಕ್ಷರ ಬಂದವು. ಬ. ಕ. ಆಮೇಲೆ ಸುಸ್ತಾಗಿ ಕಣ್ಣು ಮುಚ್ಚಿದ.

"ಬೇಕು!" ಅಂತ ನಾನು ಕುಣಿದೆ. ಏನು ಬೇಕು? ನೀರು? ಇಲ್ಲ. ಟಿವಿ? ಇಲ್ಲ. ಮಗಳು ಬರಬೇಕೇನು? ಇಲ್ಲ. ಎರಡು ದಿನ ಮನೆಯಲ್ಲಿರುವ ಸಾಮಾನೆಲ್ಲ ಹೇಳಿ ಮುಗಿಸಿದೆವು. ಎಲ್ಲಕ್ಕೂ ಇಲ್ಲ. ಮೂರನೇ ದಿನ ಆಯಿ ಕಸಾ ಹೊಡೀತಾ ಇದ್ದವಳು ಹಂಗೇ ನಿಂತು ಕೇಳಿದಳು, "ಬಾಕಿ ಏನ್ರಿ?"

ಅಜ್ಜನ ಕಣ್ಣು ಮ್ಯಾಲೆ ಹೋಗಿ ಅಲ್ಲೇ ನಿಂತಿತು. ಬೀಪ್ ಹೊಡೀತು, ಆದರೂ ಇಳೀಲಿಲ್ಲ.

ನಮಗೆ ಬರೋ ಬಾಕಿ ಏನು? ಇಲ್ಲ. ನಾವು ಕೊಡೋದೇನು? ಹೌದು. ಆಯಿ ಒಬ್ಬೊಬ್ಬರ ಹೆಸರು ಹೇಳ್ತಾ ಹೋದಳು. ಹನ್ನೊಂದನೇ ಹೆಸರಿಗೆ ಹೌದು. ಕಾರ್ತಿಕಕ್ಕೆ ಮೊದಲು ನಮ್ಮ ಹೊಲದಲ್ಲಿ ದುಡಿದು ಹೋದ ಒಬ್ಬ ಮುದುಕ. ಕಾಕಾ ಅವರ ಮನೆಗೆ ಹೋಗಿ ಕೇಳಿದ. ಒಂಬತ್ತು ದಿನದ ಪಗಾರ. "ಮನ್ಯಾಗ ಹಿಂಗ ಆದ ಮ್ಯಾಲೆ ಹೆಂಗ ಕೇಳೂದ್ರಿ ಅಂತ ಸುಮ್ಮ ಆಗೀನಿ" ಅಂದನಂತೆ ಆ ಮನುಷ್ಯ. ಕಾಕಾ ರೊಕ್ಕ ಕೊಟ್ಟು ಬಂದು ಅಜ್ಜನ ಮುಂದೆ ನಿಂತು, "ಕೊಟ್ಟ ಬಂದೆ ಅಪ್ಪಾ" ಅಂದ. ಅವನು ಅಪ್ಪಾ ಅಂತ ಅಜ್ಜನಿಗೆ ನೇರವಾಗಿ ಮಾತಾಡಿದ್ದು ಎರಡು ತಿಂಗಳಿಂದ ಅದೇ ಮೊದಲು.

ಕೈಕಾಲು ಹೋಗಿ, ಮಾತು ಹೋಗಿ, ಮೂಗಿನಲ್ಲಿ ನಳಿಕೆ ಇಟ್ಟುಕೊಂಡು ಮಲಗಿದ ಮನುಷ್ಯ ಒಳಗೆ ಏನು ಯೋಚನೆ ಮಾಡ್ತಿರಬೇಕು ಅಂತ ನಾನು ಭಾಳ ಊಹೆ ಮಾಡಿದ್ದೆ. ಒಬ್ಬರ ಪಗಾರ ಉಳಿದೈತಿ ಅಂತ ಚಿಂತೆ ಮಾಡ್ತಿದ್ದ ಅಂತ ಊಹೆ ಮಾಡಿರಲಿಲ್ಲ.

ಈಗ ಹೆಂಗ ನಡೆದೈತಿ ಅಂತ ಕೇಳ್ತೀರಿ. ಹಗಲು ಲ್ಯಾಪ್‌ಟಾಪ್ ಬೇಡವೇ ಬೇಡ. ಎರಡನೇ ವಾರಕ್ಕೇ ಆಯಿ ಅದನ್ನ ಪಕ್ಕಕ್ಕೆ ಸರಿಸಿ, "ನಾನೇ ನೋಡ್ತೀನಿ ಬಿಡ" ಅಂದಳು. ಅವಳು ನನ್ನ ಕೋಡಿಗಿಂತ ಲಗೂನ ಓದ್ತಾಳ. ರಾತ್ರಿ ಮಾತ್ರ ಯಂತ್ರ ಬೇಕು. ಅಜ್ಜ ಮೂರು ಸೆಕೆಂಡು ಮ್ಯಾಲೆ ನೋಡಿದರೆ ಗಂಟೆ ಹೊಡೀತೈತಿ, ಆಯಿ ಏಳ್ತಾಳ. ವೆಬ್‌ಕ್ಯಾಮಿಗೆ ಕತ್ತಲಲ್ಲಿ ಕಾಣೂದಿಲ್ಲ ಅಂತ ಮಂಚದ ಹತ್ತಿರ ಒಂದು ಸಣ್ಣ ಬಲ್ಬ್ ಹಚ್ಚಿಡ್ತೀವಿ. ಕೆಲವೊಮ್ಮೆ ಸುಳ್ಳೇ ಹೊಡೀತೈತಿ. ಆದರೂ ಆಯಿ ಅದನ್ನ ಬಂದ್ ಮಾಡಲು ಬಿಡೂದಿಲ್ಲ.

ನಿಮಗೆ ಹೇಳೋದಿಷ್ಟು. ನಿಮ್ಮ ಮನೆಯಲ್ಲಿ, ಓಣಿಯಲ್ಲಿ, ಸ್ಟ್ರೋಕ್ ಆಗಿ ಮಾತು ಹೋದವರು ಇದ್ದರೆ, ಏನೂ ತಿಳಿಯೂದಿಲ್ಲ ಅನ್ನೋ ಮೊದಲು ಒಂದು ಸಲ ಹೋಗಿ ಕೂಡ್ರಿ. ಅವರ ಕಣ್ಣಿನ ಮಟ್ಟಕ್ಕೆ ಕೂಡ್ರಿ. ಬೆಳಕು ಅವರ ಮುಖದ ಮೇಲೆ ಇರಲಿ. ಎಡ ಬಲ ಕೇಳಿ, ಮ್ಯಾಲೆ ಕೆಳಗೆ ಕೇಳಿ, ಕಣ್ಣು ಮುಚ್ಚಿ ತೆಗೀರಿ ಅಂತ ಕೇಳಿ. ಹತ್ತು ಸೆಕೆಂಡು ಕಾಯಿರಿ, ಅವಸರ ಬೇಡ. ಏನಾದರೂ ಕಂಡರೆ ಡಾಕ್ಟರಿಗೆ ಹೇಳಿ, ಮಾತಿನ ಚಿಕಿತ್ಸೆ ಮಾಡುವವರಿಗೆ ತೋರಿಸಿ. ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇರೋದೇ ಇಂಥ ಕೆಲಸಕ್ಕೆ. ಲ್ಯಾಪ್‌ಟಾಪ್ ಆಮೇಲೆ.

ಕೋಡ್ ಬೇಕಾದವರು ಮೆಸೇಜ್ ಮಾಡಿ, ಹಂಗೇ ಕೊಡ್ತೀನಿ. ಅಕ್ಷರದ ಪಟ್ಟಿ ಕೊನೇ ಫೋಟೋದಲ್ಲಿ ಐತಿ, ಸೇವ್ ಮಾಡಿಟ್ಟುಕೊಳ್ಳಿ.

ಈ ಸರಣಿ ಹಾಕಲೇನು ಅಂತ ಅಜ್ಜನನ್ನ ಕೇಳಿದೆ. ಮುಖದ ಫೋಟೋ ಹಾಕಲೇನು? ಕೆಳಗೆ. ಕಥೆ ಬರೀಲೇನು? ಮ್ಯಾಲೆ. ಅದಕ್ಕೇ ಫೋಟೋದಲ್ಲಿ ಬರೀ ಫ್ಯಾನ್ ಐತಿ.

#ಬೆಲ್ಲದಬಾಗೇವಾಡಿ #ಹುಕ್ಕೇರಿ #ಕಣ್ಣಿನಮಾತು #ನಮ್ಮಅಜ್ಜ #ಕನ್ನಡದಲ್ಲಿವಿಜ್ಞಾನ